ಕಂಪನಿ ಮುಳುಗಿದರೆ ಮೇಲಿನವರ ದುಡ್ಡು ವಾಪಸ್ ಬರಬೇಕೇ?

ಪ್ರಶ್ನೆ ಇದು: ಕಂಪನಿಯೊಂದು ದಿವಾಳಿಯಾಗಿ ನೌಕರರ ಸಂಬಳ ನಿಂತುಹೋಗಿದೆ ಎಂದುಕೊಳ್ಳಿ. ಅದಕ್ಕೂ ಹಿಂದಿನ ಎರಡು ವರ್ಷಗಳಲ್ಲಿ ಮೇಲಿನ ಹುದ್ದೆಯವರು ಪಡೆದ ಬೋನಸ್ಸನ್ನೂ ಏರಿಸಿಕೊಂಡ ಸಂಬಳವನ್ನೂ ವಸೂಲಿ ಮಾಡಿ, ಆ ಹಣದಲ್ಲಿ ನೌಕರರ ಬಾಕಿ ತೀರಿಸಬೇಕು ಎಂಬ ಕಾನೂನು ಬೇಕೇ? ವಂಚನೆ ಸಾಬೀತಾಗಲಿ ಬಿಡಲಿ, ವಸೂಲಿ ಆಗಲೇಬೇಕು ಎನ್ನುವುದು ಮೊದಲ ಬರಹ. ಬೇಡ ಎನ್ನುವುದು ಎರಡನೆಯದು. ಎರಡರಲ್ಲೂ ವಿಮಾನ ಕಂಪನಿಗಳ ಮಾತೇ ಜಾಸ್ತಿ. ಮುಳುಗುವುದರಲ್ಲಿ ಅವುಗಳದ್ದೇ ಮೇಲುಗೈ ಆದ್ದರಿಂದ ಅದು ಸಹಜ.

ಪರ: ಉಂಡೂ ಹೋದ, ಕೊಂಡೂ ಹೋದ ಆಗಬಾರದು

ವಿಮಾನ ನೆಲ ಬಿಡುವ ಮುನ್ನ ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರು ಅದನ್ನು ನೋಡಿ, ಹಾರಲು ಸರಿಯಿದೆ ಎಂದು ಸಹಿ ಹಾಕಬೇಕು. ಆ ಸಹಿ ಇಲ್ಲದಿದ್ದರೆ ಪೈಲಟ್ ಸಿದ್ಧವಿದ್ದರೂ ಹಾರಾಟವಿಲ್ಲ. 2012ರಲ್ಲಿ ಕಿಂಗ್‌ಫಿಶರ್ ಏರ್‌ಲೈನ್ಸ್‌ನ ಎಂಜಿನಿಯರುಗಳು ತಿಂಗಳುಗಟ್ಟಲೆ ಸಂಬಳವಿಲ್ಲದೆ ಈ ಸಹಿ ಹಾಕುತ್ತಲೇ ಇದ್ದರು. ಬಾಡಿಗೆ, ಮಕ್ಕಳ ಸ್ಕೂಲ್ ಫೀಸು, ಹೋಮ್ ಲೋನ್ ಕಂತು ತಲೆಯಲ್ಲಿ ಸುತ್ತುತ್ತಿರುವಾಗ ಒಂದು ವಿಮಾನದಷ್ಟು ಜನರ ಜೀವದ ಹೊಣೆ ಹೊರುವುದು ಎಂಥ ಕಷ್ಟ ಅಂತ ಸುಮ್ನೆ ಯೋಚಿಸಿ ನೋಡಿ. ಕೊನೆಗೆ ಅವರು ಕೆಲಸ ನಿಲ್ಲಿಸಿದರು. ಅಕ್ಟೋಬರ್ 1ರಿಂದ ವಿಮಾನಗಳೂ ನಿಂತವು. ಅಕ್ಟೋಬರ್ 20ಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕಂಪನಿಯ ಲೈಸೆನ್ಸ್ ಅಮಾನತು ಮಾಡಿತು.

ಆ ಇಪ್ಪತ್ತು ದಿನಗಳ ನಡುವೆ, ಅಕ್ಟೋಬರ್ 4ರಂದು, ದೆಹಲಿಯಲ್ಲಿ ಕಂಪನಿಯ ನೌಕರರೊಬ್ಬರ ಪತ್ನಿ ಆತ್ಮಹತ್ಯೆ ಮಾಡಿಕೊಂಡರು. ತಿಂಗಳುಗಳಿಂದ ಸಂಬಳ ಕಾಣದ ಮನೆ ಅದು.

ಸಂಬಳ ಬರಲಿಲ್ಲ ಎನ್ನುವುದು ಅರ್ಧ ಕಥೆ ಅಷ್ಟೇ. ಬಂದಿದ್ದ ಸಂಬಳದಲ್ಲಿ ಕಂಪನಿ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ) ಮುರಿದುಕೊಂಡಿತ್ತು. ಮುರಿದುಕೊಂಡದ್ದನ್ನೆಲ್ಲ ಸರ್ಕಾರಕ್ಕೆ ಕಟ್ಟಿರಲಿಲ್ಲ. ಅಂದರೆ ನೌಕರರ ಜೇಬಿನಿಂದ ತೆಗೆದ ತೆರಿಗೆ ಹಣ ಅವರ ಹೆಸರಿಗೂ ಜಮೆಯಾಗಲಿಲ್ಲ, ಅವರ ಕೈಗೂ ಸಿಗಲಿಲ್ಲ. ತೆರಿಗೆ ಹಿಡಿದದ್ದಕ್ಕೆ ಪ್ರಮಾಣಪತ್ರವಾದ ಫಾರ್ಮ್ 16 ಕೊಡಿ ಎಂದು ಕೇಳಲು ಆಫೀಸಿನಲ್ಲಿ ಯಾರೂ ಉಳಿದಿರಲಿಲ್ಲ.

ಮೇಲಿನ ಕಡೆ ಏನು ನಡೆಯುತ್ತಿತ್ತು? 2012ರ ಡಿಸೆಂಬರ್‌ನಲ್ಲಿ ಕಂಪನಿಯ ಅಧ್ಯಕ್ಷ ವಿಜಯ್ ಮಲ್ಯ ತಮ್ಮ ಹುಟ್ಟುಹಬ್ಬಕ್ಕೆ ತಿರುಮಲಕ್ಕೆ ಹೋಗಿ 3 ಕಿಲೋ ಚಿನ್ನ ಅರ್ಪಿಸಿದರು. 2015ರ ಡಿಸೆಂಬರ್‌ನಲ್ಲಿ ಗೋವಾದಲ್ಲಿ 60ನೇ ಹುಟ್ಟುಹಬ್ಬದ ದೊಡ್ಡ ಪಾರ್ಟಿ ನಡೆಯಿತು. 2016ರ ಫೆಬ್ರುವರಿಯಲ್ಲಿ, ಮದ್ಯದ ಕಂಪನಿಯಾದ ಯುನೈಟೆಡ್ ಸ್ಪಿರಿಟ್ಸ್‌ನ ಅಧ್ಯಕ್ಷ ಸ್ಥಾನ ಬಿಟ್ಟುಕೊಡಲು ಡಿಯಾಜಿಯೋ ಕಂಪನಿ ಅವರಿಗೆ 7.5 ಕೋಟಿ ಡಾಲರ್ ಕೊಡಲು ಒಪ್ಪಿತು. ಆಗಿನ ಲೆಕ್ಕದಲ್ಲಿ ಸುಮಾರು 515 ಕೋಟಿ ರೂಪಾಯಿ. ಮಾರ್ಚ್ 2ಕ್ಕೆ ಅವರು ದೇಶ ಬಿಟ್ಟರು. ಆ ಹಣದಲ್ಲಿ 4 ಕೋಟಿ ಡಾಲರ್ ಮಕ್ಕಳಿಗೆ ವರ್ಗವಾಯಿತು. ಇದು ನ್ಯಾಯಾಲಯದ ಆದೇಶದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2022ರಲ್ಲಿ ನಾಲ್ಕು ತಿಂಗಳ ಜೈಲು ಮತ್ತು 2,000 ರೂಪಾಯಿ ದಂಡ ಹಾಕಿತು. ಎರಡು ಸಾವಿರ ರೂಪಾಯಿ!

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಡಿಯಾಜಿಯೋ ಹಣ ಹೆಂಡದ ಕಂಪನಿಯದ್ದು, ವಿಮಾನ ಕಂಪನಿಯದ್ದಲ್ಲ. ಕಂಪನಿ ಬೇರೆ, ಮಾಲೀಕ ಬೇರೆ. ಕಂಪನಿಯ ಸಾಲಕ್ಕೆ ಮಾಲೀಕನ ಮನೆಗೆ ಕೈ ಹಾಕುವಂತಿಲ್ಲ. ಸರಿ, ಒಪ್ಪೋಣ. ಹಾಗಿದ್ದರೆ ಬ್ಯಾಂಕುಗಳು ಹೇಗೆ ಕೈ ಹಾಕಿದವು? ಯಾಕೆಂದರೆ ಎಸ್‌ಬಿಐ ನೇತೃತ್ವದ ಬ್ಯಾಂಕುಗಳು ಸಾಲದ ಪತ್ರಕ್ಕೆ ಮಲ್ಯರ ವೈಯಕ್ತಿಕ ಜಾಮೀನು ಬರೆಸಿಕೊಂಡಿದ್ದವು. ಆ ಜಾಮೀನು ಇದ್ದದ್ದಕ್ಕೇ ಲಂಡನ್ ಕೋರ್ಟಿನವರೆಗೂ ಬೆನ್ನು ಹತ್ತಿ, 2021ರ ಜುಲೈನಲ್ಲಿ ಅವರನ್ನು ದಿವಾಳಿ ಎಂದು ಘೋಷಿಸುವಂತೆ ಮಾಡಲು ಆಯಿತು. ಮಲ್ಯರ ಆಸ್ತಿಯಿಂದ 14,131.6 ಕೋಟಿ ರೂಪಾಯಿ ಸರ್ಕಾರಿ ಬ್ಯಾಂಕುಗಳಿಗೆ ಸೇರಿದೆ ಎಂದು ಹಣಕಾಸು ಸಚಿವೆ 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಅಷ್ಟು ಹೊತ್ತಿಗೆ ವಿಮಾನ ನಿಂತು ಹನ್ನೆರಡು ವರ್ಷ ದಾಟಿತ್ತು. ಸಂಬಳದ ಬಾಕಿಗೆ ಕಾದವರು ಇನ್ನೂ ಕಾಯುತ್ತಲೇ ಇದ್ದರು.

ನನ್ನ ವಾದದ ತಿರುಳು ಇಲ್ಲಿದೆ. ನೌಕರನೂ ಕಂಪನಿಗೆ ಸಾಲ ಕೊಟ್ಟವನೇ. ಸಂಬಳ ಬರುವುದು ತಿಂಗಳ ಕೊನೆಗೆ. ಅಂದರೆ ಪ್ರತಿ ತಿಂಗಳೂ ಅವನು ಮೂವತ್ತು ದಿನದ ದುಡಿಮೆಯನ್ನು ಮುಂಗಡವಾಗಿ ಕೊಡುತ್ತಾನೆ. ಬಡ್ಡಿ ಕೇಳುವುದಿಲ್ಲ, ಅಡಮಾನ ಕೇಳುವುದಿಲ್ಲ, ಮಾಲೀಕನ ಜಾಮೀನು ಕೇಳುವ ತಾಕತ್ತು ಅವನಿಗೆ ಮೊದಲೇ ಇಲ್ಲ. ಬ್ಯಾಂಕಿನವರು ನೂರು ಜನ ವಕೀಲರನ್ನಿಟ್ಟು ಬರೆಸಿಕೊಂಡದ್ದನ್ನು ಅವನಿಗೆ ಕಾನೂನೇ ಬರೆದುಕೊಡಬೇಕು. ನಾವು ಕೇಳುತ್ತಿರುವುದು ಅಷ್ಟೇ. ಅದೂ ಮೇಲಿನವರ ಮನೆಮಠ ಬರೆದುಕೊಡಿ ಎಂದಲ್ಲ. ಎರಡು ವರ್ಷದ ಬೋನಸ್ಸು, ಏರಿಸಿಕೊಂಡ ಸಂಬಳ. ಅಷ್ಟನ್ನು ವಾಪಸ್ ಇಡಿ.

ಕಷ್ಟ ಬಂದಾಗ ಎಲ್ಲರೂ ಸೇರಿ ತ್ಯಾಗ ಮಾಡೋಣ ಎಂಬ ಮಾತು ಎಲ್ಲ ಕಂಪನಿಗಳಲ್ಲೂ ಕೇಳಿಬರುತ್ತದೆ. ಆ 'ಎಲ್ಲರೂ' ಯಾರು ಎಂದು ನೋಡಲು 2003ರ ಅಮೆರಿಕನ್ ಏರ್‌ಲೈನ್ಸ್ ಕಥೆಗಿಂತ ಒಳ್ಳೆಯದು ಬೇರೆ ಇಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಕಂಪನಿ ನೆಲಕಚ್ಚುತ್ತಿತ್ತು. ಪೈಲಟ್, ಗಗನಸಖಿ, ಮೆಕ್ಯಾನಿಕ್‌ಗಳ ಸಂಘಗಳು ವರ್ಷಕ್ಕೆ ಸುಮಾರು 162 ಕೋಟಿ ಡಾಲರ್ ಉಳಿಸುವಷ್ಟು ಕಡಿತಕ್ಕೆ ಒಪ್ಪಿದವು. ಗಗನಸಖಿಯರು ಮೊದಲು ತಿರಸ್ಕರಿಸಿ, ಗಡುವು ಮುಂದೆ ಹೋದ ಮೇಲೆ ಒಪ್ಪಿದ್ದರು. ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಹೊರಬಿತ್ತು. ಸಿಇಒ ಡಾನ್ ಕಾರ್ಟಿ ಸೇರಿ ಏಳು ಮಂದಿಗೆ, ಕಂಪನಿ ಬಿಟ್ಟು ಹೋಗದಿದ್ದರೆ ಮೂಲ ಸಂಬಳದ ಎರಡು ಪಟ್ಟು ಬೋನಸ್ ನಿಗದಿಯಾಗಿತ್ತು. ಕಂಪನಿ ದಿವಾಳಿಯಾದರೂ 45 ಅಧಿಕಾರಿಗಳ ಪಿಂಚಣಿಗೆ ಪೆಟ್ಟು ಬೀಳದಂತೆ 4.1 ಕೋಟಿ ಡಾಲರನ್ನು ಬೇರೆ ಟ್ರಸ್ಟಿನಲ್ಲಿ ಇಡಲಾಗಿತ್ತು. ಮತ ಹಾಕುವಾಗ ಕಾರ್ಮಿಕರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಗಲಾಟೆ ಎದ್ದಿತು. ಬೋನಸ್ ರದ್ದಾಯಿತು, ಏಪ್ರಿಲ್ 24ಕ್ಕೆ ಕಾರ್ಟಿ ರಾಜೀನಾಮೆ ಕೊಟ್ಟರು. ಪಿಂಚಣಿ ಟ್ರಸ್ಟು ಮಾತ್ರ ಹಾಗೇ ಉಳಿಯಿತು.

ಕಾರ್ಟಿ ರಾಜೀನಾಮೆ ಕೊಟ್ಟದ್ದು ಗುಟ್ಟು ಬಯಲಾಗಿದ್ದಕ್ಕೆ. ಬಯಲಾಗದೆ ಉಳಿದವು ಎಷ್ಟೋ.

ವಿಮಾನ ಬಿಟ್ಟು ಒಂದು ಬೇಕರಿ ಕಥೆ. ಅಮೆರಿಕದ ಹೋಸ್ಟೆಸ್ ಕಂಪನಿ, ಟ್ವಿಂಕಿ ಎಂಬ ಕ್ರೀಮ್ ಕೇಕ್ ಮಾಡುತ್ತಿದ್ದವರು. 2011ರಲ್ಲಿ ನೌಕರರ ಪಿಂಚಣಿಗೆ ಕಟ್ಟಬೇಕಾದ ಹಣ ಕಟ್ಟುವುದನ್ನು ಕಂಪನಿ ನಿಲ್ಲಿಸಿತು. ಸುಮಾರು ಅದೇ ಹೊತ್ತಿಗೆ ಸಿಇಒ ಸಂಬಳ ಏಳೂವರೆ ಲಕ್ಷ ಡಾಲರಿನಿಂದ ಇಪ್ಪತ್ತೈದೂವರೆ ಲಕ್ಷಕ್ಕೆ ಏರಿತು ಎಂದು ಪತ್ರಿಕೆಗಳು ವರದಿ ಮಾಡಿದವು. 2012ರ ಜನವರಿಯಲ್ಲಿ ದಿವಾಳಿ ಅರ್ಜಿ. ಆಮೇಲೆ ಕೆಲಸಗಾರರಿಗೆ ಶೇ 8ರಷ್ಟು ಸಂಬಳ ಕಡಿತ. ಬೇಕರಿ ಕಾರ್ಮಿಕರ ಸಂಘ ಒಪ್ಪದೆ ನವೆಂಬರ್‌ನಲ್ಲಿ ಮುಷ್ಕರ ಹೂಡಿತು. ಒಂದೇ ವಾರದಲ್ಲಿ ಕಂಪನಿ ಬಾಗಿಲು ಹಾಕುವುದಾಗಿ ಹೇಳಿತು, ಸುಮಾರು 18,500 ಜನರ ಕೆಲಸಕ್ಕೆ ಕುತ್ತು ಬಂತು. ಕಂಪನಿ ಮುಚ್ಚುವ ಕೆಲಸ ನೋಡಿಕೊಳ್ಳಲು 19 ಅಧಿಕಾರಿಗಳಿಗೆ 18 ಲಕ್ಷ ಡಾಲರಿನವರೆಗೆ ಬೋನಸ್ ಕೊಡಲು ಕೋರ್ಟ್ ಒಪ್ಪಿತು. ನಡೆಸುವುದಕ್ಕೂ ಬೋನಸ್, ಮುಚ್ಚುವುದಕ್ಕೂ ಬೋನಸ್. ಆದರೂ ಸುದ್ದಿಯಲ್ಲಿ ಕಂಪನಿ ಮುಳುಗಿಸಿದವರು ಎಂಬ ಹೆಸರು ಬಂದದ್ದು ಮುಷ್ಕರ ಹೂಡಿದವರಿಗೆ.

ನಮ್ಮ ಕಾನೂನಿನಲ್ಲಿ ಏನೂ ಇಲ್ಲ ಎಂದಲ್ಲ. 2013ರ ಕಂಪನಿ ಕಾಯ್ದೆಯ 197ನೇ ಸೆಕ್ಷನ್ ಪ್ರಕಾರ ಪಬ್ಲಿಕ್ ಕಂಪನಿಯ ನಿರ್ದೇಶಕರು ಮತ್ತು ಮ್ಯಾನೇಜರ್‌ಗಳ ಒಟ್ಟು ಸಂಭಾವನೆ ನಿವ್ವಳ ಲಾಭದ ಶೇ 11 ಮೀರಬಾರದು. ಮೀರಬೇಕಾದರೆ ಷೇರುದಾರರ ಒಪ್ಪಿಗೆ ಬೇಕು. 199ನೇ ಸೆಕ್ಷನ್ ಪ್ರಕಾರ ಹೆಚ್ಚುವರಿ ಪಡೆದದ್ದನ್ನು ವಾಪಸ್ ವಸೂಲಿ ಮಾಡಬಹುದು. ಆದರೆ ವಂಚನೆ ಅಥವಾ ನಿಯಮ ಉಲ್ಲಂಘನೆಯಿಂದಾಗಿ ಲೆಕ್ಕಪತ್ರ ತಿದ್ದಿ ಬರೆಯಬೇಕಾಗಿ ಬಂದರೆ ಮಾತ್ರ. ಲೆಕ್ಕ ಚೊಕ್ಕವಾಗಿ ಬರೆದಿಟ್ಟು, ಕಂಪನಿಯನ್ನು ಕಾನೂನುಬದ್ಧವಾಗಿಯೇ ಗುಡಿಸಿ ಹಾಕಿದರೆ? ಆಗ ಈ ಸೆಕ್ಷನ್ ಕಣ್ಣು ಮುಚ್ಚಿಕೊಳ್ಳುತ್ತದೆ.

ಅದೇ 197ರಲ್ಲಿ 2017ರ ತಿದ್ದುಪಡಿ ಸೇರಿಸಿದ ಒಂದು ಸಾಲನ್ನು ನೋಡಿ. ಕಂಪನಿ ಬ್ಯಾಂಕಿನ ಸಾಲ ತೀರಿಸುವುದರಲ್ಲಿ ತಪ್ಪಿದ್ದರೆ, ಮೇಲಿನವರಿಗೆ ಮಿತಿ ಮೀರಿ ಸಂಭಾವನೆ ಕೊಡುವ ಮುನ್ನ ಆ ಬ್ಯಾಂಕಿನ ಒಪ್ಪಿಗೆ ಪಡೆಯಬೇಕು. ಒಳ್ಳೆಯ ನಿಯಮವೇ. ಹಾಗಾದರೆ ನೌಕರರ ಸಂಬಳ ಕೊಡುವುದರಲ್ಲಿ ತಪ್ಪಿದ್ದರೆ ಯಾರ ಒಪ್ಪಿಗೆ ಬೇಕು? ಯಾರದ್ದೂ ಬೇಡ. ಆ ಸಾಲು ಬರೆದವರಿಗೆ ನೌಕರರು ನೆನಪಾಗಲೇ ಇಲ್ಲ.

ಹೀಗೆ ವಸೂಲಿ ಮಾಡಿದರೆ ಒಳ್ಳೆಯವರು ಯಾರೂ ಕಷ್ಟದ ಕಂಪನಿಗೆ ಬರುವುದಿಲ್ಲ ಎಂಬ ಹೆದರಿಕೆ ಹಾಕುತ್ತಾರೆ. 2010ರಲ್ಲಿ ಜಪಾನ್ ಏರ್‌ಲೈನ್ಸ್ ದಿವಾಳಿಯಾದಾಗ ಅದನ್ನು ಎತ್ತಲು ಬಂದವರು ಕಜುವೊ ಇನಾಮೊರಿ. ವಯಸ್ಸು ಎಪ್ಪತ್ತೆಂಟು ಮುಟ್ಟುತ್ತಿತ್ತು. ಒಂದು ಯೆನ್ ಸಂಬಳ ತೆಗೆದುಕೊಳ್ಳಲಿಲ್ಲ. ಅಲ್ಲೂ ಸುಮಾರು 16,000 ಜನ ಕೆಲಸ ಕಳೆದುಕೊಂಡರು, ನಿವೃತ್ತರ ಪಿಂಚಣಿಗೂ ಕತ್ತರಿ ಬಿತ್ತು. ಅದು ಚಿಕ್ಕ ನೋವಲ್ಲ. ಆದರೆ ಕಡಿತ ಕೇಳಲು ಬಂದವರ ಜೇಬೂ ಖಾಲಿಯೇ ಇತ್ತು. 2012ರ ಸೆಪ್ಟೆಂಬರ್‌ಗೆ ಕಂಪನಿ ಮತ್ತೆ ಷೇರು ಮಾರುಕಟ್ಟೆಗೆ ಬಂತು. ಕೋಟಿ ಬೋನಸ್ ಕೊಟ್ಟರೇ ಪ್ರತಿಭೆ ಬರುವುದು ಎನ್ನುವವರು ಇದಕ್ಕೇನು ಹೇಳುತ್ತಾರೆ?

ವಿರೋಧ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ

ಇನಾಮೊರಿ ಕಥೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಪರ ಬರೆದವರು ಅದನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಇನಾಮೊರಿ ಕ್ಯೋಸೆರಾ ಕಂಪನಿ ಕಟ್ಟಿದವರು. ದೂರಸಂಪರ್ಕದ ದೈತ್ಯ ಕೆಡಿಡಿಐನ ಬೇರೂ ಅವರದ್ದೇ. ಅಂಥ ಸಿರಿವಂತರಿಗೆ ಸಂಬಳ ಬೇಡ ಎನ್ನುವುದು ಕಷ್ಟವಲ್ಲ. ಸಂಬಳದಿಂದಲೇ ಬದುಕುವ ಅಧಿಕಾರಿಗೆ ಅದೇ ನಿಯಮ ಹಾಕಿದರೆ, ಮುಳುಗುವ ಕಂಪನಿ ಎತ್ತುವ ಕೆಲಸ ಶ್ರೀಮಂತರಿಗಷ್ಟೇ ಮೀಸಲಾಗುತ್ತದೆ.

ಅವರಿಗಿಂತ ಮುಂಚೆ ಅದೇ ಕಂಪನಿ ನಡೆಸುತ್ತಿದ್ದವರು ಹಾರುಕಾ ನಿಶಿಮಾತ್ಸು. ತಮ್ಮ ಸಂಬಳವನ್ನು ವರ್ಷಕ್ಕೆ 96 ಲಕ್ಷ ಯೆನ್‌ಗೆ ಇಳಿಸಿಕೊಂಡಿದ್ದರು. ಅವರ ಪೈಲಟ್‌ಗಳೇ ಅದಕ್ಕಿಂತ ಜಾಸ್ತಿ ಪಡೆಯುತ್ತಿದ್ದರು. ಆಫೀಸಿಗೆ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು, ನೌಕರರ ಕ್ಯಾಂಟೀನಿನಲ್ಲಿ ಸಾಲು ನಿಂತು ಊಟ ಮಾಡುತ್ತಿದ್ದರು. ಅಮೆರಿಕದ ಟಿವಿಗಳು ಅವರನ್ನು ಹಾಡಿ ಹೊಗಳಿದವು. 2010ರ ಜನವರಿಯಲ್ಲಿ ಕಂಪನಿ ದಿವಾಳಿಯಾಯಿತು. ಸಾಲ 2.3 ಲಕ್ಷ ಕೋಟಿ ಯೆನ್. ಸಿಇಒ ಬಸ್ಸಿನಲ್ಲಿ ಬಂದದ್ದರಿಂದ ಅದರಲ್ಲಿ ಒಂದು ಯೆನ್ ಕೂಡ ಕಡಿಮೆಯಾಗಲಿಲ್ಲ.

ನಿಶಿಮಾತ್ಸು ಬಗ್ಗೆ ನನಗೆ ಗೌರವವಿದೆ. ಆದರೆ ಗೌರವ ಬೇರೆ, ಲೆಕ್ಕ ಬೇರೆ. ಕಿಂಗ್‌ಫಿಶರ್ ಹಣ ಎಲ್ಲಿ ಹೋಯಿತು? 2005ರಲ್ಲಿ ಶುರುವಾದ ಕಂಪನಿ ಮುಚ್ಚುವವರೆಗೆ ಒಂದು ವರ್ಷವೂ ಲಾಭ ಕಾಣಲಿಲ್ಲ. ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ್ದ ಅಗ್ಗದ ದರದ ಏರ್ ಡೆಕ್ಕನ್ ಅನ್ನು 2007ರಿಂದ ಕೈವಶ ಮಾಡಿಕೊಂಡು ಐಷಾರಾಮಿ ಕಂಪನಿಗೆ ಸೇರಿಸಿದರು. ಎರಡರ ಗಿರಾಕಿಗಳೂ ಬೇರೆ, ಖರ್ಚಿನ ರೀತಿಯೂ ಬೇರೆ. 2008ರಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಅಷ್ಟರ ನಡುವೆ ಐದು ಎ380 ದೈತ್ಯ ವಿಮಾನಗಳಿಗೆ ಆರ್ಡರ್ ಬೇರೆ. ಇವೆಲ್ಲ ಮಾಲೀಕರ ತೀರ್ಮಾನಗಳು. ಹಣಕಾಸು ವಿಭಾಗದ ಮುಖ್ಯಸ್ಥನ ಬೋನಸ್ ಹಿಂಡಿದರೆ ಸಾವಿರಾರು ಕೋಟಿಯ ಹೊಂಡಕ್ಕೆ ಒಂದು ಬೊಗಸೆ ಮಣ್ಣು ಸಿಕ್ಕೀತು.

ಪರ ಬರಹ ಓದಿದಾಗ ಬರುವ ಸಿಟ್ಟು ನನಗೂ ಬರುತ್ತದೆ. ಆದರೆ ಆ ಸಿಟ್ಟು ಮಾಲೀಕರ ಮೇಲೆ. ಕೇಳುತ್ತಿರುವ ಕಾನೂನು ಬೀಳುವುದು ಸಂಬಳದ ಅಧಿಕಾರಿಗಳ ಮೇಲೆ. ಮಾಲೀಕರು ಹಣ ತೆಗೆಯುವುದು ಸಂಬಳದ ಚೀಟಿಯಲ್ಲಿ ಅಲ್ಲ. ಒಂದು ಕಂಪನಿಯಿಂದ ಇನ್ನೊಂದಕ್ಕೆ ವ್ಯವಹಾರ ತೋರಿಸುತ್ತಾರೆ, ಬ್ರ್ಯಾಂಡಿನ ಹೆಸರಿಗೆ ಬೆಲೆ ಕಟ್ಟಿಸುತ್ತಾರೆ, ಷೇರು ಅಡ ಇಡುತ್ತಾರೆ. ಡಿಯಾಜಿಯೋ ಕೊಟ್ಟ ಹಣ ಈ ಕಾನೂನಿನ ಬಲೆಗೆ ಬೀಳುತ್ತಿತ್ತೇ? ಇಲ್ಲ. ಅದು ಕಿಂಗ್‌ಫಿಶರ್ ಏರ್‌ಲೈನ್ಸ್ ಕೊಟ್ಟ ಸಂಬಳವಲ್ಲ, ಬೋನಸ್ಸೂ ಅಲ್ಲ. ಅಂದರೆ ಯಾವ ಉದಾಹರಣೆ ಕೊಟ್ಟು ಕಾನೂನು ಕೇಳುತ್ತಿದ್ದಾರೋ, ಅದನ್ನೇ ಆ ಕಾನೂನು ಮುಟ್ಟುವುದಿಲ್ಲ.

ಇನ್ನು ಎರಡು ವರ್ಷದ ಗೆರೆ. ಜೆಟ್ ಏರ್‌ವೇಸ್ ತೆಗೆದುಕೊಳ್ಳಿ. ಅದು ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್ 17ಕ್ಕೆ. ದಿವಾಳಿ ಪ್ರಕ್ರಿಯೆ ಶುರುವಾದದ್ದು ಜೂನ್‌ನಲ್ಲಿ. ಎರಡು ವರ್ಷ ಹಿಂದಕ್ಕೆ ಹೋದರೆ 2017ರ ಜೂನ್. ಆಗಿನ ಸಿಇಒ ವಿನಯ್ ದುಬೆ ಸೇರಿದ್ದು 2017ರ ಆಗಸ್ಟ್‌ನಲ್ಲಿ, ಬಿಟ್ಟದ್ದು 2019ರ ಮೇನಲ್ಲಿ. ಅವರ ಇಡೀ ಅವಧಿ ಗೆರೆಯ ಒಳಗೇ ಬರುತ್ತದೆ. ಜೆಟ್‌ಗೆ ಹೊರೆಯಾದ ಏರ್ ಸಹಾರಾ ಖರೀದಿ ನಡೆದದ್ದು 2007ರಲ್ಲಿ, 1,450 ಕೋಟಿ ರೂಪಾಯಿಗೆ. ಆಗ ಇದ್ದು ಆಮೇಲೆ ಬಿಟ್ಟುಹೋದ ಅಧಿಕಾರಿಗಳು ಗೆರೆಯ ಹೊರಗೆ ಹಾಯಾಗಿ ಇರುತ್ತಾರೆ. ಕೆಡಿಸಿದವರು ಮೂರು ವರ್ಷ ಮೊದಲೇ ಹೋಗಿರುತ್ತಾರೆ, ಸರಿಪಡಿಸಲು ಬಂದವರು ಸಿಕ್ಕಿಬೀಳುತ್ತಾರೆ. ಐದು ವರ್ಷಕ್ಕೆ ಗೆರೆ ಎಳೆಯಿರಿ ಎನ್ನಬಹುದು. ಆಗ ಕೆಡಿಸಿದವರ ಜೊತೆಗೆ, ಏನೂ ಗೊತ್ತಿರದ ಇನ್ನೂ ಹತ್ತು ಜನ ಬಲೆಗೆ ಬೀಳುತ್ತಾರೆ.

ಜೆಟ್‌ನಲ್ಲಿ ಇನ್ನೊಂದು ವಿಷಯವೂ ಇತ್ತು. ಅಲ್ಲಿ ಸಂಬಳ ಮೊದಲು ತಡವಾದದ್ದು ಪೈಲಟ್, ಎಂಜಿನಿಯರ್ ಮತ್ತು ಹಿರಿಯ ಅಧಿಕಾರಿಗಳಿಗೇ, 2018ರಿಂದಲೇ. ಹೆಚ್ಚು ಪಡೆಯುವವರು ಮೊದಲು ನೋವು ತಿನ್ನಲಿ ಎಂಬ ನ್ಯಾಯ ಅಲ್ಲಿ ಸ್ವಲ್ಪ ಮಟ್ಟಿಗೆ ನಡೆದೇ ಇತ್ತು. ಅದರಿಂದ ಕಂಪನಿಯೂ ಉಳಿಯಲಿಲ್ಲ, ಕೆಳಗಿನವರ ಏಪ್ರಿಲ್ ಸಂಬಳವೂ ಉಳಿಯಲಿಲ್ಲ.

ಕಂಪನಿ ಕಷ್ಟದಲ್ಲಿದೆ ಎಂದು ಮೊದಲು ಗೊತ್ತಾಗುವುದು ಲೆಕ್ಕ ನೋಡುವವರಿಗೆ. ಎರಡು ವರ್ಷದ ಬೋನಸ್ ಹೋಗುತ್ತದೆ ಎಂಬ ಕಾನೂನು ಇದ್ದರೆ ಅವರು ಏನು ಮಾಡುತ್ತಾರೆ? ವಾಸನೆ ಬಡಿದ ದಿನವೇ ಬೇರೆ ಕೆಲಸ ಹುಡುಕುತ್ತಾರೆ. ಬೇರೆಡೆ ಕೆಲಸ ಸಿಗದವರು ಉಳಿಯುತ್ತಾರೆ. 2009ರ ಜನವರಿಯಲ್ಲಿ ಐಟಿ ಕಂಪನಿ ಸತ್ಯಂನ ಸುಳ್ಳು ಲೆಕ್ಕದ ಹಗರಣ ಬಯಲಾದಾಗ ಸಾವಿರಾರು ಮನೆಗಳಲ್ಲಿ, ನಮ್ಮ ಬೆಂಗಳೂರಿನಲ್ಲೂ, ಮುಂದಿನ ತಿಂಗಳ ಸಂಬಳದ ಚಿಂತೆ ಇತ್ತು. ಸರ್ಕಾರ ಹೊಸ ಆಡಳಿತ ಮಂಡಳಿ ನೇಮಿಸಿತು. ಆ ಮಂಡಳಿ ಸಿಇಒ ಸ್ಥಾನಕ್ಕೆ ಆರಿಸಿದ್ದು ಕಂಪನಿಯೊಳಗೇ ಹದಿನೈದು ವರ್ಷ ಇದ್ದ ಎ.ಎಸ್. ಮೂರ್ತಿ ಅವರನ್ನು. ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಕಂಪನಿಯನ್ನು ಕೊಂಡಿತು. ನಡುವಿನ ಮೂರು ತಿಂಗಳು ಗಿರಾಕಿಗಳನ್ನು ಹಿಡಿದಿಟ್ಟದ್ದು ಎರಡನೇ ಸಾಲಿನ ಅಧಿಕಾರಿಗಳು. ನಿಮ್ಮ ಹಿಂದಿನ ಎರಡು ವರ್ಷದ ಹಣ ವಾಪಸ್ ಕೊಡಿ ಎಂದು ಅವರಿಗೆ ಆಗ ನೋಟಿಸ್ ಹೋಗಿದ್ದರೆ, ಏಪ್ರಿಲ್‌ಗೆ ಮಾರಲು ಏನಾದರೂ ಉಳಿಯುತ್ತಿತ್ತೇ ಎಂಬುದು ನನ್ನ ಅನುಮಾನ.

ಅಮೆರಿಕದವರು ಇಂಥದ್ದೊಂದು ಕಾನೂನು ಮಾಡಿ ನೋಡಿದ್ದಾರೆ. ದಿವಾಳಿ ಕೋರ್ಟಿನಲ್ಲಿರುವ ಕಂಪನಿ ತನ್ನ ಮೇಲಧಿಕಾರಿಗಳಿಗೆ 'ಬಿಟ್ಟು ಹೋಗಬೇಡಿ' ಬೋನಸ್ ಕೊಡುವುದಕ್ಕೆ 2005ರಲ್ಲಿ ಬಿಗಿ ಕಟ್ಟುಪಾಡು ತಂದರು. ಕೆಲಸ ಬಿಡುವಾಗ ಕೊಡುವ ಮೊತ್ತಕ್ಕೂ ಮಿತಿ ಹಾಕಿದರು. ಏನಾಯಿತು? ಕೋರ್ಟಿಗೆ ಹೋದ ಮೇಲೆ ತಾನೇ ನಿರ್ಬಂಧ, ಹೋಗುವ ಮುಂಚೆಯೇ ಕೊಟ್ಟರಾಯಿತು. 2020ರ ಮೇನಲ್ಲಿ ಅಂಗಡಿಗಳ ಸರಣಿ ಜೆಸಿ ಪೆನ್ನಿ ಹೀಗೇ ಮಾಡಿತು. ಬಾಡಿಗೆ ಕಾರಿನ ಹರ್ಟ್ಜ್, ಹತ್ತು ಸಾವಿರ ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದ ಮರುತಿಂಗಳು, ದಿವಾಳಿ ಅರ್ಜಿಗೆ ಕೆಲವೇ ದಿನ ಮೊದಲು, ಸುಮಾರು 340 ಅಧಿಕಾರಿಗಳಿಗೆ 1.6 ಕೋಟಿ ಡಾಲರ್ ಹಂಚಿತು. ಆ ಹಣಕಾಸು ವರ್ಷದಲ್ಲಿ 42 ಕಂಪನಿಗಳು ಅರ್ಜಿಗೆ ಮುಂಚೆ ಹೀಗೆ ಒಟ್ಟು 16.5 ಕೋಟಿ ಡಾಲರ್ ಕೊಟ್ಟವು ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಲೆಕ್ಕ ಹಾಕಿತು. ಅಮೆರಿಕನ್ ಏರ್‌ಲೈನ್ಸ್ ಕೊನೆಗೂ 2011ರಲ್ಲಿ ದಿವಾಳಿ ಕೋರ್ಟಿಗೆ ಹೋಯಿತು. 2013ರಲ್ಲಿ ಸಿಇಒ ಟಾಮ್ ಹಾರ್ಟನ್‌ಗೆ ಕೊಡಬೇಕೆಂದಿದ್ದ ಸುಮಾರು 2 ಕೋಟಿ ಡಾಲರ್‌ಗೆ ಜಡ್ಜ್ ಒಪ್ಪಲಿಲ್ಲ. ವಿಲೀನ ಮುಗಿದ ಮೇಲೆ ದೊಡ್ಡ ಮೊತ್ತವೇ ಅವರ ಕೈ ಸೇರಿತು. ಆಗ ಕಂಪನಿ ದಿವಾಳಿ ಕೋರ್ಟಿನಿಂದ ಹೊರಬಂದಿತ್ತು ನೋಡಿ.

ಅದಕ್ಕೇ ಹಿಂದಿನ ಎರಡು ವರ್ಷ ಸೇರಿಸಿ ಎನ್ನುತ್ತಿದ್ದೇವೆ ಎಂದು ಪರ ವಾದಿಗಳು ಹೇಳಬಹುದು. ಸೇರಿಸಿದರೆ ಬೋನಸ್ ಎಂಬ ಹೆಸರು ಮಾಯವಾಗುತ್ತದೆ ಅಷ್ಟೇ. ಸೇರುವ ದಿನವೇ ದೊಡ್ಡ ಮೂಲ ಸಂಬಳ ಬರೆಸಿಕೊಳ್ಳುತ್ತಾರೆ. ಆಮೇಲೆ ಕಂಪನಿ ಚೆನ್ನಾಗಿ ನಡೆದರೂ ಅಷ್ಟೇ, ಕೆಟ್ಟರೂ ಅಷ್ಟೇ. ಕೆಲಸಕ್ಕೆ ತಕ್ಕ ಕೂಲಿ ಎಂಬ ಅಲ್ಪಸ್ವಲ್ಪ ನಂಟೂ ಕಡಿದುಹೋಗುತ್ತದೆ.

ಹಾಗಾದರೆ ನೌಕರನಿಗೆ ಏನು? ಮೂವತ್ತು ದಿನದ ಸಾಲ ಕೊಡುವವನು ಅವನು ಎಂಬ ಮಾತು ನನಗೂ ಒಪ್ಪಿಗೆ. ಆ ಸಾಲ ತೀರುವ ದಾರಿ ಬೇರೆ ಇದೆ ಎನ್ನುವುದಷ್ಟೇ ನನ್ನ ತಕರಾರು. ಜರ್ಮನಿಯಲ್ಲಿ ಕಂಪನಿ ದಿವಾಳಿಯಾದರೆ ಮೂರು ತಿಂಗಳವರೆಗಿನ ಬಾಕಿ ಸಂಬಳವನ್ನು ಸರ್ಕಾರಿ ಉದ್ಯೋಗ ಸಂಸ್ಥೆ ಕೊಡುತ್ತದೆ. ಅದಕ್ಕೆ ಹಣ ಬರುವುದು ಎಲ್ಲ ಉದ್ಯೋಗದಾತರಿಂದ ಸಂಗ್ರಹಿಸುವ ಸಣ್ಣ ಸುಂಕದಿಂದ. ಬ್ರಿಟನ್‌ನಲ್ಲೂ ಎಂಟು ವಾರದವರೆಗಿನ ಬಾಕಿಗೆ, ವಾರಕ್ಕೆ ಇಷ್ಟೇ ಎಂಬ ಮಿತಿಯೊಳಗೆ, ರಾಷ್ಟ್ರೀಯ ವಿಮಾ ನಿಧಿಯಿಂದ ಹಣ ಬರುತ್ತದೆ. ನೌಕರ ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ. ಯಾರ ಬೋನಸ್ ವಸೂಲಿಯಾಗುತ್ತದೆ ಎಂದು ಹತ್ತು ವರ್ಷ ಕೋರ್ಟಿಗೆ ಅಲೆಯಬೇಕಿಲ್ಲ. ವಸೂಲಿ ಕೇಸು ಹಾಕಿದರೆ ಒಬ್ಬೊಬ್ಬ ಅಧಿಕಾರಿಯೂ ಒಬ್ಬೊಬ್ಬ ವಕೀಲರನ್ನು ಹಿಡಿಯುತ್ತಾನೆ, ಗೊತ್ತಲ್ವಾ?

ನಮ್ಮಲ್ಲಿ ಅಂಥ ನಿಧಿ ಇಲ್ಲ. ಇರುವುದು ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಸರದಿ ಸಾಲು. 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಪ್ರಕಾರ, ಕಂಪನಿ ಮಾರಿ ಬಂದ ಹಣದಲ್ಲಿ ಮೊದಲ ಪಾಲು ದಿವಾಳಿ ಪ್ರಕ್ರಿಯೆಯ ಖರ್ಚಿಗೆ. ಆಮೇಲೆ 'ವರ್ಕ್‌ಮನ್' (ಮೇಲ್ವಿಚಾರಣೆಯ ಹುದ್ದೆಯಲ್ಲದ ಕಾರ್ಮಿಕರ) ವರ್ಗದ 24 ತಿಂಗಳ ಬಾಕಿ ಮತ್ತು ಅಡಮಾನ ಇರುವ ಬ್ಯಾಂಕುಗಳ ಸಾಲ, ಎರಡೂ ಸರಿಸಮ. ಉಳಿದ ನೌಕರರು ಅದರ ಕೆಳಗೆ, ಅದೂ 12 ತಿಂಗಳ ಬಾಕಿಗೆ ಮಾತ್ರ. ಬ್ಯಾಂಕುಗಳ ಸಾಲವೇ ಬೆಟ್ಟದಷ್ಟು ಇರುವಾಗ ಆ ಕೆಳಗಿನ ಮೆಟ್ಟಿಲಿಗೆ ಹಣ ಇಳಿಯುವುದು ಅಪರೂಪ. ಸೂಪರ್‌ವೈಸರ್ ಎಂಬ ಹೆಸರಿದ್ದರೆ ಸಾಕು, ಕೌಂಟರಿನಲ್ಲಿ ಕೂತು ಟಿಕೆಟ್ ನೋಡುವವರೂ ಆ ಮೆಟ್ಟಿಲಿಗೆ ಜಾರಬಹುದು. ಪಿಎಫ್, ಗ್ರಾಚ್ಯುಟಿ ಹಣವನ್ನು ಈ ಸಾಲಿನಿಂದ ಹೊರಗಿಟ್ಟಿರುವುದು ದೊಡ್ಡ ಉಪಕಾರ. ಜೆಟ್ ನೌಕರರಿಗೆ ಅದನ್ನು ಕೊಡಲೇಬೇಕು ಎಂದು ಮೇಲ್ಮನವಿ ನ್ಯಾಯಮಂಡಳಿ 2022ರಲ್ಲಿ ಹೇಳಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಕಂಪನಿ ಎತ್ತುವ ಯೋಜನೆ ಕುಂಟುತ್ತಲೇ ಸಾಗಿ, 2024ರ ನವೆಂಬರ್ 7ಕ್ಕೆ ಲಿಕ್ವಿಡೇಷನ್, ಅಂದರೆ ಕಂಪನಿ ಮುಚ್ಚಿ ಆಸ್ತಿ ಮಾರುವ ಆದೇಶ ಬಂತು. ಹಾರಾಟ ನಿಂತು ಐದೂವರೆ ವರ್ಷ!

ನನಗೆ ಕೇಳಿದರೆ ಕೈ ಹಾಕಬೇಕಾದದ್ದು ಇನ್ನೂ ಮುಂಚೆ, ಸಂಬಳ ತಪ್ಪಿದ ಮೊದಲ ತಿಂಗಳುಗಳಲ್ಲಿ. ಬಾಕಿ ಉಳಿಸಿಕೊಂಡ ಕಂಪನಿಯನ್ನು ದಿವಾಳಿ ನ್ಯಾಯಮಂಡಳಿಗೆ ಎಳೆಯುವ ಹಕ್ಕು ನೌಕರರಿಗೂ ಇದೆ. ಅವರ ಪರವಾಗಿ ಕಾರ್ಮಿಕ ಸಂಘವೂ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆಗ ಬಾಕಿ ಒಂದು ಲಕ್ಷ ರೂಪಾಯಿ ಇದ್ದರೆ ಸಾಕಿತ್ತು. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಸಣ್ಣ ಉದ್ದಿಮೆಗಳನ್ನು ಉಳಿಸಲೆಂದು ಆ ಮಿತಿಯನ್ನು ಒಂದು ಕೋಟಿಗೆ ಏರಿಸಿದರು. ಲಾಕ್‌ಡೌನ್ ಮುಗಿಯಿತು, ಮಿತಿ ಇಳಿಯಲಿಲ್ಲ. ತಿಂಗಳಿಗೆ ನಲವತ್ತು ಸಾವಿರ ಪಡೆಯುವ ಐವತ್ತು ಜನ ಒಟ್ಟಾದರೂ ಆ ಮಿತಿ ಮುಟ್ಟಲು ಐದು ತಿಂಗಳ ಸಂಬಳ ಬಾಕಿ ಬೀಳಬೇಕು. ಸಂಬಳದ ಬಾಕಿಗೆ ಮಾತ್ರ ಅದನ್ನು ಮತ್ತೆ ಒಂದು ಲಕ್ಷಕ್ಕೆ ಇಳಿಸಿದರೆ, ಮೂರನೇ ತಿಂಗಳಿಗೇ ನಾಲ್ಕು ಜನ ಲೋಡರ್‌ಗಳು ಸೇರಿ ಕಂಪನಿಯನ್ನು ನ್ಯಾಯಮಂಡಳಿಯ ಮುಂದೆ ನಿಲ್ಲಿಸಬಹುದು. ಅರ್ಜಿ ಸ್ವೀಕಾರವಾದ ದಿನವೇ ಮಾಲೀಕರ ಕೈಯಿಂದ ಆಡಳಿತ ಜಾರುತ್ತದೆ. ಚೆಕ್‌ಗೆ ಸಹಿ ಹಾಕುವ ಅಧಿಕಾರವೂ ಅದರ ಜೊತೆಗೇ ಹೋಗುತ್ತದೆ.